ಶ್ವಾಸಕೋಶ ತೊಳೆದ ನೀರಿನ ಪರೀಕ್ಷೆ: ಟಿ.ಬಿ.ಯೋ, ಸಾರ್ಕಾಯ್ಡೋಸಿಸ್ಸೋ?

ಎದೆಯ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ನೋಡಿದ ವೈದ್ಯರು "ಎರಡೂ ಕಡೆ ಗ್ರಂಥಿ ಊದಿಕೊಂಡಿವೆ" ಎಂದೊಡನೆ ರೋಗಿಯ ಮನಸ್ಸಿಗೆ ಬರುವುದು ಎರಡೇ ಹೆಸರು. ಒಂದು ಟಿ.ಬಿ., ಇನ್ನೊಂದು ಕ್ಯಾನ್ಸರ್. ಇವೆರಡೂ ಅಲ್ಲದ ಮೂರನೆಯ ಕಾಯಿಲೆಯೊಂದಿದೆ, ಅದರ ಹೆಸರು ಸಾರ್ಕಾಯ್ಡೋಸಿಸ್. ಈ ಹೆಸರನ್ನು ನಮ್ಮಲ್ಲಿ ಬಹಳ ಜನ ಕೇಳಿಯೇ ಇರುವುದಿಲ್ಲ. ಇದು ಅಂಟುರೋಗವಲ್ಲ, ಕ್ಯಾನ್ಸರೂ ಅಲ್ಲ. ಆದರೆ ಎಕ್ಸ್-ರೇಯಲ್ಲಿ ನೋಡಿದರೆ ಟಿ.ಬಿ.ಯ ಒಡಹುಟ್ಟಿದಂತೆ ಕಾಣುತ್ತದೆ. ಇದನ್ನು ಗುರುತಿಸಲು ನೆರವಾಗುವ ಪರೀಕ್ಷೆಗಳಲ್ಲಿ ಒಂದು, ಶ್ವಾಸಕೋಶದ ಒಂದು ಭಾಗವನ್ನು ಸಲೈನ್ ನೀರಿನಿಂದ ತೊಳೆದು ಆ ನೀರಿನಲ್ಲಿ ಬಂದ ಜೀವಕೋಶಗಳನ್ನು ಎಣಿಸುವುದು. ವೈದ್ಯರು ಇದನ್ನು "ಬಿ.ಎ.ಎಲ್." ಅಥವಾ "ಲವಾಜ್" ಎನ್ನುತ್ತಾರೆ. ಈ ಪರೀಕ್ಷೆಗೆ ಬರೆದುಕೊಟ್ಟಾಗ ರೋಗಿಗಳೂ ಅವರ ಮನೆಯವರೂ ಕೇಳುವ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆಯಲಾಗಿದೆ.

ಒಂದು ಉದಾಹರಣೆ ನೋಡೋಣ. ರಾಮನಗರದ ಕಡೆಯ ಒಬ್ಬ ಹೆಣ್ಣುಮಗಳು, ವಯಸ್ಸು ನಲವತ್ತೆರಡು ಎಂದಿಟ್ಟುಕೊಳ್ಳಿ. ಮನೆಯಲ್ಲಿ ರೇಷ್ಮೆ ಹುಳು ಸಾಕಣೆ. ಕೆಲವು ತಿಂಗಳಿಂದ ಒಣ ಕೆಮ್ಮು, ಸುಸ್ತು, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ತರುವಾಗ ಏದುಸಿರು. ಕಫ ಬರುವುದೇ ಕಡಿಮೆ, ಬಂದದ್ದನ್ನು ಪರೀಕ್ಷಿಸಿದರೆ ರೋಗಾಣು ಇಲ್ಲ. ಆದರೂ ಎಕ್ಸ್-ರೇ ನೋಡಿ "ಟಿ.ಬಿ. ಇರಬಹುದು" ಎಂದು ಆರು ತಿಂಗಳು ಮಾತ್ರೆ ನುಂಗಿದ್ದಾಯಿತು. ಕೆಮ್ಮು ಹಾಗೆಯೇ ಇದೆ, ಎಕ್ಸ್-ರೇಯೂ ಹಾಗೆಯೇ ಇದೆ. ಈ ಮಧ್ಯೆ ಊರಿನಲ್ಲಿ ಟಿ.ಬಿ. ಎಂಬ ಹೆಸರು ಅಂಟಿಕೊಂಡಿದೆ, ತಟ್ಟೆ ಲೋಟ ಬೇರೆಯಾಗಿದೆ. ಇಂತಹ ಕತೆ ಎದೆರೋಗ ತಜ್ಞರಿಗೆ ಅಪರೂಪವಲ್ಲ. ಇದರ ತಿರುವುಮುರುವು ಇನ್ನೂ ಅಪಾಯಕರ. ನಿಜವಾಗಿ ಟಿ.ಬಿ. ಇರುವವರನ್ನು ಸಾರ್ಕಾಯ್ಡೋಸಿಸ್ ಎಂದು ತಿಳಿದು ಸ್ಟೀರಾಯ್ಡ್ ಮಾತ್ರೆ ಮಾತ್ರ ಕೊಟ್ಟರೆ, ದೇಹದ ರೋಗನಿರೋಧಕ ಶಕ್ತಿ ಕುಗ್ಗಿ ಟಿ.ಬಿ. ಮೈತುಂಬ ಹರಡಬಹುದು. ಒಂದು ಕಾಯಿಲೆಗೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಆದ್ದರಿಂದಲೇ ವೈದ್ಯರು ಅವಸರಪಡದೆ ಪರೀಕ್ಷೆಯ ಮೇಲೆ ಪರೀಕ್ಷೆ ಬರೆಯುತ್ತಾರೆ. ದುಡ್ಡು ಮಾಡಲು ಬರೆಯುತ್ತಾರೆ ಎಂದು ದಯವಿಟ್ಟು ಭಾವಿಸಬೇಡಿ.

ಸಾರ್ಕಾಯ್ಡೋಸಿಸ್ ಎಂದರೇನು?

ನಮ್ಮ ದೇಹದೊಳಗೆ ಹೊರಗಿನ ವಸ್ತು ಹೊಕ್ಕಾಗ ಬಿಳಿ ರಕ್ತಕಣಗಳು ಅದನ್ನು ಸುತ್ತುವರಿದು ಕೂಡಿಹಾಕುತ್ತವೆ. ಹಾಗೆ ಕೂಡಿದ ಕಣಗಳ ಸಣ್ಣ ಗಂಟಿಗೆ ಗ್ರಾನುಲೋಮಾ ಎಂದು ಹೆಸರು. ಟಿ.ಬಿ.ಯಲ್ಲಿಯೂ ಇಂತಹ ಗಂಟುಗಳಾಗುತ್ತವೆ, ಅವುಗಳ ನಡುಭಾಗ ಸಾಮಾನ್ಯವಾಗಿ ಕೊಳೆತು ಗಿಣ್ಣಿನಂತಾಗಿರುತ್ತದೆ. ಸಾರ್ಕಾಯ್ಡೋಸಿಸ್‌ನಲ್ಲಿ ಗಂಟುಗಳಾಗುತ್ತವೆ, ಆದರೆ ನಡುಭಾಗ ಕೊಳೆಯುವುದಿಲ್ಲ, ಒಳಗೆ ರೋಗಾಣುವೂ ಸಿಗುವುದಿಲ್ಲ. ಯಾವ ವಸ್ತುವಿನ ವಿರುದ್ಧ ದೇಹ ಹೀಗೆ ಸಿಡಿದೇಳುತ್ತದೆ ಎಂಬುದು ಇಂದಿಗೂ ಖಚಿತವಾಗಿ ಪತ್ತೆಯಾಗಿಲ್ಲ. 1877ರಲ್ಲಿ ಲಂಡನ್ನಿನ ವೈದ್ಯ ಜೊನಾಥನ್ ಹಚಿನ್‌ಸನ್ ಇದನ್ನು ಮೊದಲು ಚರ್ಮದ ಕಾಯಿಲೆಯೆಂದು ವರ್ಣಿಸಿದರು. 1899ರಲ್ಲಿ ನಾರ್ವೆಯ ಸೀಸರ್ ಬೋಕ್ "ಸಾರ್ಕಾಯ್ಡ್" ಎಂಬ ಪದವನ್ನು ಬಳಸಿದರು. ಇದು ಚರ್ಮಕ್ಕಷ್ಟೇ ಸೀಮಿತವಲ್ಲ, ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಶ್ವಾಸಕೋಶ ಅಥವಾ ಎದೆಯೊಳಗಿನ ಗ್ರಂಥಿಗಳಿಗೆ ತಗಲುವ ಕಾಯಿಲೆ ಎಂಬುದು ಆಮೇಲೆ ತಿಳಿದುಬಂತು. ಕಣ್ಣು, ಚರ್ಮ, ಯಕೃತ್ತು, ಹೃದಯ, ನರಗಳಿಗೂ ತಗಲಬಹುದು.

ಬಹಳ ಕಾಲ ಇದನ್ನು ಬಿಳಿಯರ ದೇಶದ ಕಾಯಿಲೆ, ಭಾರತದಲ್ಲಿ ಇಲ್ಲವೆಂದೇ ನಂಬಲಾಗಿತ್ತು. ಇಲ್ಲದೆ ಇರಲಿಲ್ಲ, ಟಿ.ಬಿ.ಯ ನೆರಳಿನಲ್ಲಿ ಮರೆಯಾಗಿತ್ತು. ಬ್ರಾಂಕೋಸ್ಕೋಪಿ, ಸಿ.ಟಿ. ಸ್ಕ್ಯಾನ್ ಬಂದ ಮೇಲೆ ದೇಶದ ಎಲ್ಲ ಕಡೆಯೂ ಕಾಣಿಸತೊಡಗಿತು.

ತೊಳೆದ ನೀರು ಏನು ಹೇಳುತ್ತದೆ?

ನಾವು ಎಳೆದ ಉಸಿರು ಗಂಟಲಿನಿಂದ ಶ್ವಾಸನಾಳಕ್ಕೆ, ಅಲ್ಲಿಂದ ಕವಲೊಡೆದು ಕವಲೊಡೆದು ಕೊನೆಗೆ ಸಣ್ಣ ಗಾಳಿಗೂಡುಗಳಿಗೆ ತಲುಪುತ್ತದೆ. ಆ ಗಾಳಿಗೂಡುಗಳಲ್ಲಿ ಕಾವಲಿಗೆಂದು ಕೆಲವು ಕೋಶಗಳಿರುತ್ತವೆ. ಕಫ ಬರುವುದು ಬಹುಮಟ್ಟಿಗೆ ಮೇಲಿನ ನಾಳಗಳಿಂದ. ಗಾಳಿಗೂಡಿನಲ್ಲಿ ಏನು ನಡೆಯುತ್ತಿದೆ ಎಂದು ಕಫ ಹೇಳಲಾರದು, ರಕ್ತವೂ ಹೇಳಲಾರದು. ಅಲ್ಲಿಗೆ ನೀರು ಬಿಟ್ಟು ವಾಪಸು ಎಳೆದರೆ ಅಲ್ಲಿದ್ದ ಕೋಶಗಳು ನೀರಿನೊಡನೆ ತೇಲಿ ಬರುತ್ತವೆ. ಬಿಂದಿಗೆಯನ್ನು ತೊಳೆದು ಚೆಲ್ಲಿದ ನೀರು ನೋಡಿದರೆ ಅದರಲ್ಲಿ ಏನು ತುಂಬಿದ್ದರು ಎಂದು ಗೊತ್ತಾಗುವುದಿಲ್ಲವೇ, ಹಾಗೆ.

ಜಪಾನಿನ ಶಿಗೆಟೊ ಇಕೆಡಾ ಅವರು 1960ರ ದಶಕದಲ್ಲಿ ಬಾಗುವ ಬ್ರಾಂಕೋಸ್ಕೋಪನ್ನು ರೂಪಿಸಿದ ಮೇಲೆ ಈ ಪರೀಕ್ಷೆ ಸುಲಭವಾಯಿತು. 1974ರಲ್ಲಿ ಅಮೆರಿಕದ ರೆನಾಲ್ಡ್ಸ್ ಮತ್ತು ನ್ಯೂಬಾಲ್ ಎಂಬ ವೈದ್ಯರು ಹೀಗೆ ತೊಳೆದ ನೀರಿನಲ್ಲಿನ ಕೋಶ ಮತ್ತು ಪ್ರೋಟೀನುಗಳನ್ನು ವಿಂಗಡಿಸಿ ತೋರಿಸಿದರು. ಅಲ್ಲಿಂದ ಈಚೆಗೆ ಇದು ಪ್ರಪಂಚದಾದ್ಯಂತ ಬಳಕೆಯಲ್ಲಿದೆ.

ಪರೀಕ್ಷೆಯ ದಿನ

ಹಿಂದಿನ ರಾತ್ರಿ ಹಗುರವಾದ ಊಟ ಮಾಡಿ. ಪರೀಕ್ಷೆಗೆ ಕನಿಷ್ಠ ಆರು ಗಂಟೆ ಮೊದಲು ಗಟ್ಟಿ ಆಹಾರ ನಿಲ್ಲಿಸಬೇಕು, ಕಾಫಿ, ಹಾಲು ಸಹ ಬೇಡ. ಹೊಟ್ಟೆಯಲ್ಲಿ ಆಹಾರವಿದ್ದರೆ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. "ಒಂದು ಇಡ್ಲಿ ತಾನೇ" ಎಂದು ಬಸ್‌ಸ್ಟ್ಯಾಂಡಿನಲ್ಲಿ ತಿಂದು ಬಂದು ಪರೀಕ್ಷೆ ಮುಂದಕ್ಕೆ ಹೋದವರು ಬಹಳ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹೃದಯಾಘಾತವಾಗಿದ್ದರೆ, ಉಬ್ಬಸವಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿಬಿಡಿ. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ಚೀಟಿಯನ್ನೂ ಮಾತ್ರೆಯ ಪಟ್ಟಿಯನ್ನೂ ತಂದು ತೋರಿಸಿ. ಕಟ್ಟಿಸಿಕೊಂಡ ಹಲ್ಲಿದ್ದರೆ ತೆಗೆದಿಡಬೇಕು.

ಮೂಗು ಮತ್ತು ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸುತ್ತಾರೆ, ಅದು ಕಹಿಯಾಗಿರುತ್ತದೆ. ಬೇಕಾದರೆ ಮಂಪರು ಬರಲು ಸೂಜಿಯನ್ನೂ ಕೊಡುತ್ತಾರೆ. ಪೆನ್ಸಿಲ್ಲಿಗಿಂತ ಸಪೂರವಾದ, ತುದಿಯಲ್ಲಿ ದೀಪ ಮತ್ತು ಕ್ಯಾಮೆರಾ ಇರುವ ಕೊಳವೆಯನ್ನು ಮೂಗಿನ ಅಥವಾ ಬಾಯಿಯ ಮೂಲಕ ಇಳಿಸುತ್ತಾರೆ. ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಿರುತ್ತಾರೆ. ಸಾಮಾನ್ಯವಾಗಿ ಬಲ ಶ್ವಾಸಕೋಶದ ಮಧ್ಯದ ಭಾಗ ಅಥವಾ ಎಡಗಡೆಯ ಅದರ ಸಮಾನ ಭಾಗವನ್ನು ಆರಿಸುತ್ತಾರೆ, ಇಲ್ಲವೇ ಸಿ.ಟಿ. ಸ್ಕ್ಯಾನಿನಲ್ಲಿ ರೋಗ ಎದ್ದು ಕಾಣುವ ಕಡೆ. ಕೊಳವೆಯ ತುದಿ ಅಲ್ಲಿ ಒತ್ತಿ ಕುಳಿತ ಮೇಲೆ ಸಲೈನನ್ನು ಕಂತು ಕಂತಾಗಿ ಬಿಟ್ಟು ಕೂಡಲೇ ಮೆಲ್ಲನೆ ವಾಪಸು ಎಳೆದುಕೊಳ್ಳುತ್ತಾರೆ. ಒಟ್ಟು 100ರಿಂದ 300 ಮಿಲಿಲೀಟರ್ ಬಿಡುವುದು ವಾಡಿಕೆ. ಅದರಲ್ಲಿ ಕನಿಷ್ಠ ನೂರಕ್ಕೆ ಮೂವತ್ತು ಭಾಗ ವಾಪಸು ಬಂದರೆ ಮಾದರಿ ಚೆನ್ನಾಗಿದೆ ಎಂದು ಲೆಕ್ಕ.

"ಶ್ವಾಸಕೋಶಕ್ಕೆ ನೀರು ಬಿಟ್ಟರೆ ಮುಳುಗಿದಂತಾಗುವುದಿಲ್ಲವೇ?" ಎಂದು ಕೇಳದವರೇ ಇಲ್ಲ. ಆಗುವುದಿಲ್ಲ. ತೊಳೆಯುವುದು ಶ್ವಾಸಕೋಶದ ಒಂದು ಸಣ್ಣ ತುಂಡನ್ನು ಮಾತ್ರ, ಉಳಿದ ಭಾಗವೆಲ್ಲ ಉಸಿರಾಡುತ್ತಲೇ ಇರುತ್ತದೆ. ವಾಪಸು ಬರದೆ ಉಳಿದ ನೀರನ್ನು ದೇಹವೇ ಹೀರಿಕೊಳ್ಳುತ್ತದೆ. ಕೆಮ್ಮು ಮಾತ್ರ ಬರುತ್ತದೆ, ಅದನ್ನು ತಡೆದುಕೊಳ್ಳುವುದು ಕಷ್ಟವೇ ಸರಿ. ಆ ದಿನ ಸಂಜೆ ಚಳಿಜ್ವರ ಬರಬಹುದು, ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಗಂಟಲು ಮರಗಟ್ಟಿರುವುದರಿಂದ ಪರೀಕ್ಷೆಯ ನಂತರ ಸುಮಾರು ಎರಡು ಗಂಟೆ ಒಂದು ಗುಟುಕು ನೀರನ್ನೂ ಕುಡಿಯಬಾರದು. ಮಂಪರು ಔಷಧಿ ಕೊಟ್ಟಿದ್ದರೆ ಆ ದಿನ ಬೈಕು ಓಡಿಸಬಾರದು, ಜೊತೆಗೆ ಮನೆಯವರೊಬ್ಬರು ಇರಲೇಬೇಕು. ರಕ್ತ ಹೆಚ್ಚಾಗಿ ಬಂದರೆ, ಉಸಿರು ಕಟ್ಟಿದರೆ, ಎದೆನೋವು ಬಂದರೆ, ಜ್ವರ ಎರಡನೆಯ ದಿನವೂ ಬಿಡದಿದ್ದರೆ ಕಾಯದೆ ಆಸ್ಪತ್ರೆಗೆ ಬನ್ನಿ.

ರಿಪೋರ್ಟಿನಲ್ಲಿರುವ ಅಂಕಿಗಳು

ಪ್ರಯೋಗಾಲಯದಲ್ಲಿ ನೀರನ್ನು ಗಿರಗಿರನೆ ತಿರುಗಿಸಿ, ಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಕೂರಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಸಿಗರೇಟು ಬೀಡಿ ಸೇದದ ಆರೋಗ್ಯವಂತರಲ್ಲಿ ನೂರು ಕೋಶಗಳಲ್ಲಿ 85ಕ್ಕಿಂತ ಹೆಚ್ಚು ಮ್ಯಾಕ್ರೋಫೇಜ್ ಎಂಬ ಕಸ ತಿನ್ನುವ ಕೋಶಗಳು, ಸುಮಾರು 10ರಿಂದ 15 ಲಿಂಫೋಸೈಟ್‌ಗಳು, 3ಕ್ಕಿಂತ ಹೆಚ್ಚಿಲ್ಲದಂತೆ ನ್ಯೂಟ್ರೋಫಿಲ್‌ಗಳು, ಇಯೊಸಿನೋಫಿಲ್ 1ರ ಒಳಗೆ ಇರುತ್ತವೆ. ಈ ಲೆಕ್ಕ ಯಾವ ಕಡೆ ವಾಲಿದೆ ಎನ್ನುವುದೇ ಮುಖ್ಯ. ನ್ಯೂಟ್ರೋಫಿಲ್ ಬಹಳ ಏರಿದ್ದರೆ ಸೋಂಕಿನ ಕಡೆ ಯೋಚಿಸಬೇಕು. ಇಯೊಸಿನೋಫಿಲ್ 25ಕ್ಕೂ ಮೀರಿದ್ದರೆ ಅದು ಬೇರೆಯದೇ ಗುಂಪಿನ ಕಾಯಿಲೆ. ಲಿಂಫೋಸೈಟ್ 15 ದಾಟಿದರೆ ಹೆಚ್ಚಾಗಿದೆ ಎಂದರ್ಥ. 25 ದಾಟಿದರೆ ಗ್ರಾನುಲೋಮಾ ಕಟ್ಟುವ ಕಾಯಿಲೆಗಳ ಗುಂಪಿನ ಮೇಲೆ ಸಂಶಯ ಬಲವಾಗುತ್ತದೆ, ಸಾರ್ಕಾಯ್ಡೋಸಿಸ್ ಈ ಗುಂಪಿನಲ್ಲಿದೆ. 50ನ್ನೂ ದಾಟಿದರೆ ಅಲರ್ಜಿಯಿಂದಾಗುವ ಶ್ವಾಸಕೋಶದ ಉರಿಯೂತವನ್ನು ಹೆಚ್ಚಾಗಿ ಯೋಚಿಸುತ್ತಾರೆ.

ಇಲ್ಲಿಗೇ ನಿಂತರೆ ಸಾಲದು. ಟಿ.ಬಿ.ಯಲ್ಲಿಯೂ ಲಿಂಫೋಸೈಟ್ ಏರಬಹುದು. ಆದ್ದರಿಂದ ಲಿಂಫೋಸೈಟ್‌ಗಳನ್ನು ಮತ್ತೆ ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಒಂದು ಸಿ.ಡಿ.4, ಇನ್ನೊಂದು ಸಿ.ಡಿ.8. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಬರುವ ಅನುಪಾತ ಸಾಮಾನ್ಯರಲ್ಲಿ ಸುಮಾರು 1ರಿಂದ 2.5ರವರೆಗೆ ಇರುತ್ತದೆ. ಸಾರ್ಕಾಯ್ಡೋಸಿಸ್‌ನಲ್ಲಿ ಸಿ.ಡಿ.4 ಕೋಶಗಳು ಶ್ವಾಸಕೋಶಕ್ಕೆ ಗುಂಪುಗೂಡಿ ಬರುವುದರಿಂದ ಈ ಅನುಪಾತ ಏರುತ್ತದೆ. 3.5ಕ್ಕಿಂತ ಹೆಚ್ಚಾಗಿದ್ದು, ರೋಗಿಯ ಲಕ್ಷಣ ಮತ್ತು ಸ್ಕ್ಯಾನ್ ಕೂಡ ಹೊಂದಿಕೊಂಡರೆ ಸಾರ್ಕಾಯ್ಡೋಸಿಸ್ ಎಂಬ ಅಭಿಪ್ರಾಯಕ್ಕೆ ಒಳ್ಳೆಯ ಬಲ ಬರುತ್ತದೆ.

ಆದರೆ ಅನುಪಾತ ಏರಿಲ್ಲದಿದ್ದರೆ ಸಾರ್ಕಾಯ್ಡೋಸಿಸ್ ಇಲ್ಲವೆಂದು ಹೇಳಲಾಗದು. ಈ ಕಾಯಿಲೆಯಿರುವ ನೂರು ಮಂದಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಮಾತ್ರ ಅನುಪಾತ ಅಷ್ಟು ಮೇಲೇರುತ್ತದೆ. ಉಳಿದವರಲ್ಲಿ ಸಹಜವಾಗಿರುತ್ತದೆ, ಕೆಲವರಲ್ಲಿ ಕೆಳಗೇ ಇರುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಮ್ಯಾಕ್ರೋಫೇಜ್ ಹೆಚ್ಚಾಗಿ ಲಿಂಫೋಸೈಟ್ ಪಾಲು ಕಡಿಮೆ ಕಾಣುತ್ತದೆ, ಅನುಪಾತವೂ ಇಳಿಯುತ್ತದೆ. ವಯಸ್ಸಾದವರಲ್ಲಿ ಕಾಯಿಲೆಯಿಲ್ಲದೆಯೂ ಏರಬಹುದು. ಆದುದರಿಂದಲೇ ಅಮೆರಿಕದ ಎದೆರೋಗ ತಜ್ಞರ ಸಂಘವು 2012ರ ಮಾರ್ಗಸೂಚಿಯಲ್ಲಿ ಸಿ.ಡಿ.4, ಸಿ.ಡಿ.8 ವಿಂಗಡಣೆಯನ್ನು ಎಲ್ಲರಿಗೂ ಕಡ್ಡಾಯವಾಗಿ ಮಾಡಬೇಕಿಲ್ಲ ಎಂದಿತು. ಸಂಶಯವಿರುವ ಕಡೆ ಮಾತ್ರ ಮಾಡಿದರೆ ಸಾಕು. ರಿಪೋರ್ಟು ಕೈಗೆ ಬಂದೊಡನೆ ಮನೆಯಲ್ಲಿ ಕುಳಿತು ಅಂಕಿ ನೋಡಿ ತೀರ್ಮಾನಕ್ಕೆ ಬರಬೇಡಿ ಎಂದು ನಾವು ಹೇಳುವುದು ಈ ಕಾರಣಕ್ಕೆ.

ಇನ್ನೊಂದು ಮಾತು. ಸಿ.ಡಿ.4 ಎಂಬ ಹೆಸರನ್ನು ಓದಿದೊಡನೆ "ನನಗೆ ಹೆಚ್.ಐ.ವಿ. ಪರೀಕ್ಷೆ ಮಾಡಿದ್ದಾರೆಯೇ?" ಎಂದು ಗಾಬರಿಯಾಗುವವರಿದ್ದಾರೆ. ಹೆಚ್.ಐ.ವಿ. ಸೋಂಕಿತರಲ್ಲಿ ರಕ್ತದ ಸಿ.ಡಿ.4 ಎಣಿಸುವುದು ನಿಜ. ಇಲ್ಲಿ ಎಣಿಸುವುದು ಶ್ವಾಸಕೋಶದಿಂದ ಬಂದ ನೀರಿನಲ್ಲಿನ ಸಿ.ಡಿ.4ನ್ನು, ಉದ್ದೇಶವೂ ಬೇರೆ. ಎರಡಕ್ಕೂ ಬಳಸುವ ಯಂತ್ರ ಒಂದೇ ಬಗೆಯದು, ಅಷ್ಟೇ. ಫ್ಲೋ ಸೈಟೋಮೀಟರ್ ಎಂಬ ಈ ಯಂತ್ರ ಎಲ್ಲ ಊರಿನಲ್ಲಿ ಇರುವುದಿಲ್ಲ, ಕೋಶಗಳು ಕೆಡುವ ಮೊದಲು ಮಾದರಿಯನ್ನು ತಣ್ಣಗಿಟ್ಟು ಬೇಗನೆ ತಲುಪಿಸಬೇಕಾಗುತ್ತದೆ. ಇದಕ್ಕಾಗಿಯೇ ನಮ್ಮ ಕಡೆಯ ರೋಗಿಗಳನ್ನು ಹಲವು ಸಲ ಬೆಂಗಳೂರಿಗೆ ಕಳಿಸುವುದು. ಬೆಂಗಳೂರಿನಲ್ಲಿ ಸರ್ಕಾರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಮತ್ತು ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಎದೆರೋಗ ವಿಭಾಗಗಳಿವೆ. ಹೋಗುವಾಗ ಹಳೆಯ ಎಕ್ಸ್-ರೇ ಫಿಲ್ಮ್‌ಗಳನ್ನೆಲ್ಲ ತೆಗೆದುಕೊಂಡು ಹೋಗಿ. ಎರಡು ವರ್ಷ ಹಿಂದಿನ ಫಿಲ್ಮ್ ಒಂದು, ಹೊಸ ಪರೀಕ್ಷೆ ಎರಡಕ್ಕಿಂತ ಹೆಚ್ಚು ಹೇಳುವುದುಂಟು.

ಅದೇ ನೀರಿನ ಇನ್ನೊಂದು ಭಾಗ

ನಮ್ಮ ದೇಶದಲ್ಲಿ ತೊಳೆದ ನೀರಿನ ಅತಿ ದೊಡ್ಡ ಪ್ರಯೋಜನ ಬಹುಶಃ ಕೋಶಗಳ ಎಣಿಕೆಯಲ್ಲ, ಟಿ.ಬಿ.ಯ ಹುಡುಕಾಟ. ಕಫವೇ ಬರದವರಲ್ಲಿ ಟಿ.ಬಿ. ರೋಗಾಣುವನ್ನು ನೇರವಾಗಿ ಆಳದಿಂದ ಹುಡುಕಲು ಇದು ದಾರಿ. ನೀರಿನ ಒಂದು ಭಾಗವನ್ನು ಜೀನ್ ಎಕ್ಸ್‌ಪರ್ಟ್ ಎಂಬ ಯಂತ್ರಕ್ಕೆ ಹಾಕಿದರೆ ಸುಮಾರು ಎರಡು ಗಂಟೆಯಲ್ಲಿ ರೋಗಾಣು ಇದೆಯೇ, ರಿಫಾಂಪಿಸಿನ್ ಔಷಧಿಗೆ ಬಗ್ಗುತ್ತದೆಯೇ ಎಂದು ತಿಳಿಯುತ್ತದೆ. ಇನ್ನೊಂದು ಭಾಗವನ್ನು ಕಲ್ಚರ್‌ಗೆ ಇಡುತ್ತಾರೆ, ಅದು ರೋಗಾಣು ಬೆಳೆಯಲು ಆರರಿಂದ ಎಂಟು ವಾರ ತೆಗೆದುಕೊಳ್ಳಬಹುದು. ಕೆಲವೊಮ್ಮೆ ಮೊದಲು ಸಾರ್ಕಾಯ್ಡ್ ಎಂದು ಅಂದುಕೊಂಡವರಲ್ಲಿ ಕಲ್ಚರ್ ಬಂದಾಗ ಟಿ.ಬಿ. ತಿಳಿಯುತ್ತದೆ. ಆದ್ದರಿಂದ ಕಲ್ಚರ್ ಫಲಿತಾಂಶ ಬರುವವರೆಗೂ ಬಂದು ಕೇಳುತ್ತಿರಿ, ಮೊದಲ ರಿಪೋರ್ಟಿಗೇ ಸಮಾಧಾನಪಟ್ಟು ಮರೆಯಬೇಡಿ. ಸರ್ಕಾರದ ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಟಿ.ಬಿ. ಪತ್ತೆ ಪರೀಕ್ಷೆಯೂ ಔಷಧಿಯೂ ಉಚಿತ.

ತೋಳಿನ ಮೇಲೆ ಸೂಜಿ ಚುಚ್ಚಿ ನೋಡುವ ಮಾಂಟೂ ಪರೀಕ್ಷೆಯೂ ನೆರವಾಗುತ್ತದೆ. ನಮ್ಮಲ್ಲಿ ಟಿ.ಬಿ. ರೋಗಾಣುವಿನ ಸಂಪರ್ಕ ಸಾಮಾನ್ಯವಾದ್ದರಿಂದ ಅನೇಕ ಆರೋಗ್ಯವಂತರಲ್ಲೂ ತೋಳು ಊದುತ್ತದೆ. ಸಾರ್ಕಾಯ್ಡೋಸಿಸ್ ಇರುವವರಲ್ಲಿ ಬಹುಮಟ್ಟಿಗೆ ಏನೂ ಊದುವುದಿಲ್ಲ. ತೋಳು ಚೆನ್ನಾಗಿ ಊದಿದರೆ ವೈದ್ಯರು ಟಿ.ಬಿ.ಗಾಗಿ ಇನ್ನಷ್ಟು ಹುಡುಕುತ್ತಾರೆ.

ನಿಮ್ಮ ಕಸುಬನ್ನು ಹೇಳಲು ಮರೆಯಬೇಡಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಕಡೆಯ ರೋಗಿಗಳಿಗೆ ಇದು ಬಹಳ ಮುಖ್ಯ. ಏಕೆಂದರೆ ಸಾರ್ಕಾಯ್ಡೋಸಿಸ್‌ನಂತೆಯೇ ಕಾಣುವ ಕಾಯಿಲೆಗಳು ದುಡಿಮೆಯಿಂದಲೂ ಬರುತ್ತವೆ. ಹುಳುಮನೆಯಲ್ಲಿ ಹುಳುವಿನ ಪೊರೆ, ಹಿಕ್ಕೆ, ಬೂಷ್ಟು ಹಿಡಿದ ಸೊಪ್ಪಿನ ಪುಡಿ ಉಸಿರಿನೊಡನೆ ಒಳಹೋಗುತ್ತದೆ. ಕೆಲವರ ಶ್ವಾಸಕೋಶ ಇದಕ್ಕೆ ಅಲರ್ಜಿಯಾಗಿ ಉರಿಯುತ್ತದೆ. ರೇಷ್ಮೆ ಸಾಕಣೆಯಿಂದ ಬರುವ ಇಂತಹ ಕಾಯಿಲೆಯನ್ನು ಜಪಾನಿನ ವೈದ್ಯರು ವರ್ಣಿಸಿದ್ದಾರೆ. ನೂಲು ಬಿಚ್ಚುವ ಫಿಲೇಚರ್ ಕೆಲಸಗಾರರಲ್ಲಿ ಕಾಣುವ ಉಬ್ಬಸದ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1985ರಲ್ಲಿಯೇ ಅಧ್ಯಯನ ಪ್ರಕಟಿಸಿದ್ದರು. ಉಬ್ಬಸ ಬೇರೆ, ಗಾಳಿಗೂಡಿನ ಅಲರ್ಜಿ ಉರಿಯೂತ ಬೇರೆ. ಈ ಎರಡನೆಯದರಲ್ಲಿಯೂ ತೊಳೆದ ನೀರಿನಲ್ಲಿ ಲಿಂಫೋಸೈಟ್ ತುಂಬ ಇರುತ್ತವೆ, ಆದರೆ ಸಿ.ಡಿ.4, ಸಿ.ಡಿ.8 ಅನುಪಾತ ಹಲವರಲ್ಲಿ 1ಕ್ಕಿಂತ ಕೆಳಗಿರುತ್ತದೆ. ಯಾವಾಗಲೂ ಹಾಗೆಯೇ ಎನ್ನುವಂತಿಲ್ಲ. ಮನೆಯಲ್ಲಿ ಪಾರಿವಾಳ ಸಾಕಿದವರಿಗೂ, ಬೂಷ್ಟು ಹಿಡಿದ ಹುಲ್ಲು ಮೆದೆಯಲ್ಲಿ ಕೆಲಸ ಮಾಡುವವರಿಗೂ ಇದು ಬರಬಹುದು. ಇದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಕಾರಣವಾದ ಧೂಳಿನಿಂದ ದೂರವಿರುವುದು.

ಕಲ್ಲು ಕ್ವಾರಿ, ಕ್ರಷರ್, ಗ್ರಾನೈಟ್ ಕೊಯ್ಯುವ ಕಡೆ ದುಡಿದವರಲ್ಲಿ ಕಲ್ಲುಧೂಳಿನಿಂದ ಸಿಲಿಕೋಸಿಸ್ ಬರುತ್ತದೆ. ಅದರಲ್ಲಿಯೂ ಎದೆಯ ಗ್ರಂಥಿಗಳು ಊದಿಕೊಳ್ಳುತ್ತವೆ. ಹತ್ತು ಹದಿನೈದು ವರ್ಷ ಹಿಂದೆ ಬಿಟ್ಟ ಕೆಲಸವಾದರೂ ಹೇಳಬೇಕು, ಧೂಳು ಮರೆತಿರುವುದಿಲ್ಲ. ಸಿಲಿಕೋಸಿಸ್ ಇದ್ದವರಿಗೆ ಟಿ.ಬಿ. ಬರುವ ಸಂಭವ ಹೆಚ್ಚೆಂಬುದನ್ನೂ ಗಮನಿಸಿ. ಬೊಂಬೆ ಕೆಲಸದಲ್ಲಿ ಮರ ಕಡೆಯುವವರು ಮರದ ಹುಡಿಯ ವಿಷಯ, ಬಣ್ಣ ಅರಗಿನ ವಿಷಯ ಹೇಳಿ. ವೈದ್ಯರು ಕೇಳದಿದ್ದರೆ ನೀವೇ ಬಾಯಿ ಬಿಟ್ಟು ಹೇಳಿ.

ಬಯಾಪ್ಸಿ ಏಕೆ?

"ನೀರು ತೆಗೆದಾಯಿತಲ್ಲ, ಮತ್ತೆ ಮಾಂಸದ ಚೂರು ಏಕೆ?" ಎಂಬ ಪ್ರಶ್ನೆ ನ್ಯಾಯವಾದದ್ದೇ. ತೊಳೆದ ನೀರು ದಾರಿ ತೋರಿಸುತ್ತದೆ, ಗಂಟನ್ನು ಕಣ್ಣಾರೆ ತೋರಿಸುವುದಿಲ್ಲ. ಅದೇ ಬ್ರಾಂಕೋಸ್ಕೋಪಿನ ಮೂಲಕ ನಾಳದ ಒಳಪದರದಿಂದಲೂ ಶ್ವಾಸಕೋಶದಿಂದಲೂ ಅಕ್ಕಿಕಾಳಿಗಿಂತ ಸಣ್ಣ ಕೆಲವು ಚೂರುಗಳನ್ನು ತೆಗೆಯುತ್ತಾರೆ. ಈಗ ತುದಿಯಲ್ಲಿ ಸ್ಕ್ಯಾನಿಂಗ್ ಇರುವ ಬ್ರಾಂಕೋಸ್ಕೋಪ್ ಬಂದಿದೆ, ಅದರಿಂದ ಗ್ರಂಥಿಗೆ ಸೂಜಿ ಹಾಕಿ ಮಾದರಿ ತೆಗೆಯಬಹುದು, ಎದೆ ಕೊಯ್ಯಬೇಕಿಲ್ಲ. ಶ್ವಾಸಕೋಶದ ಚೂರು ತೆಗೆಯುವಾಗ ಕೆಲವೇ ಮಂದಿಯಲ್ಲಿ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಬಹುದು, ಅದಕ್ಕಾಗಿ ನಂತರ ಎಕ್ಸ್-ರೇ ತೆಗೆದು ನೋಡುತ್ತಾರೆ. 2020ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಮೂರು ವಿಷಯ ಕೂಡಿಬರಬೇಕು ಎನ್ನುತ್ತದೆ. ರೋಗಿಯ ಲಕ್ಷಣ ಮತ್ತು ಸ್ಕ್ಯಾನ್ ಹೊಂದಬೇಕು, ಅಂಗಾಂಶದಲ್ಲಿ ಕೊಳೆಯದ ಗ್ರಾನುಲೋಮಾ ಕಾಣಬೇಕು, ಟಿ.ಬಿ.ಯಂತಹ ಬೇರೆ ಕಾರಣಗಳು ಇಲ್ಲವೆಂದಾಗಬೇಕು. ಬಯಾಪ್ಸಿ ಮಾಡಲಾಗದಷ್ಟು ನಿಶ್ಶಕ್ತರಲ್ಲಿ, ಅಥವಾ ಚೂರಿನಲ್ಲಿ ಏನೂ ಸ್ಪಷ್ಟವಾಗದಿದ್ದಲ್ಲಿ ತೊಳೆದ ನೀರಿನ ಕೋಶಗಳ ಲೆಕ್ಕಕ್ಕೆ ಬೆಲೆ ಹೆಚ್ಚು.

ಸಾರ್ಕಾಯ್ಡೋಸಿಸ್ ಎಂದೇ ಆದರೆ

ಗಾಬರಿಪಡಬೇಕಿಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಎರಡು ಮೂರು ವರ್ಷಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಲಕ್ಷಣವಿಲ್ಲದವರಿಗೆ ಔಷಧಿಯೇ ಕೊಡದೆ ಕೆಲವು ತಿಂಗಳಿಗೊಮ್ಮೆ ನೋಡುತ್ತಾರೆ. "ಡಾಕ್ಟರು ಮಾತ್ರೆಯನ್ನೇ ಬರೆಯಲಿಲ್ಲ" ಎಂದು ಬೇಸರಪಟ್ಟು ಬೇರೆ ಕಡೆ ಹೋಗಬೇಡಿ. ಉಸಿರಾಟ ಕುಗ್ಗುತ್ತಿದ್ದರೆ, ಕಣ್ಣು, ಹೃದಯ ಅಥವಾ ನರಕ್ಕೆ ತಗಲಿದ್ದರೆ ಸ್ಟೀರಾಯ್ಡ್ ಮಾತ್ರೆ ಬೇಕಾಗುತ್ತದೆ, ಅದು ತಿಂಗಳುಗಟ್ಟಲೆ. ಹಸಿವು ಹೆಚ್ಚಿ ಮುಖ ಊದಿದಂತಾಗುತ್ತದೆ, ಸಕ್ಕರೆ, ರಕ್ತದೊತ್ತಡ ಏರಬಹುದು. ಹಾಗೆಂದು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಾಪಾಯ. ವೈದ್ಯರು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

ಈ ಕಾಯಿಲೆಯಲ್ಲಿ ರಕ್ತದ ಕ್ಯಾಲ್ಸಿಯಂ ತಾನಾಗಿಯೇ ಏರುವುದರಿಂದ ಅಂಗಡಿಯಲ್ಲಿ ಸಿಗುವ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನು ಕೇಳದೆ ನುಂಗಬೇಡಿ. ಕಣ್ಣಿಗೆ ತೊಂದರೆಯಿಲ್ಲದಿದ್ದರೂ ಒಮ್ಮೆ ಕಣ್ಣಿನ ತಜ್ಞರಿಗೆ ತೋರಿಸಿ, ಇ.ಸಿ.ಜಿ. ಮಾಡಿಸಿ. ಎದೆ ಬಡಿತ ತಪ್ಪಿದಂತಾದರೆ, ತಲೆಸುತ್ತಿ ಬಿದ್ದರೆ ಮುಂದಿನ ತಾರೀಖಿಗೆ ಕಾಯದೆ ಅಂದೇ ಬನ್ನಿ. ಇದು ಅಂಟುರೋಗವಲ್ಲವಾದ್ದರಿಂದ ತಟ್ಟೆ ಲೋಟ ಬೇರೆ ಮಾಡುವ ಅಗತ್ಯವಿಲ್ಲ, ಮಕ್ಕಳನ್ನು ಎತ್ತಿಕೊಳ್ಳಬಹುದು. ಮನೆಯವರಿಗೆ ಇದನ್ನು ಹೇಳಲು ಸಂಕೋಚವಾದರೆ ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ, ವೈದ್ಯರೇ ಹೇಳುತ್ತಾರೆ.